ಹೊಸ ಗಿಡವೆಂದರೆ ಯಾವುದು? ಕೆಸುವಿನ ಬಳಗದ ಒಂದು ವಿಚಾರ

ಕಳೆದ ಮಳೆಗಾಲದ ಆರಂಭದ ಮಾತು. ಮೃಗಶಿರ ಮಳೆ ಬಿದ್ದು ನಾಲ್ಕೈದು ದಿನಗಳಾಗಿದ್ದವು. ಚಿಂಬಲ್‌ನಲ್ಲಿ ನಮ್ಮ ಐದನೆಯ ಇಯತ್ತೆಯ ಹುಡುಗನೊಬ್ಬ ಹಳೆಯ ವರ್ತಮಾನಪತ್ರಿಕೆಯಲ್ಲಿ ಏನನ್ನೋ ಸುತ್ತಿಕೊಂಡು ವರ್ಗಕ್ಕೆ ಬಂದ. ಬಿಚ್ಚಿ ನೋಡಿದರೆ ಒಂದು ವಿಚಿತ್ರವಾದ ಹೂವು. ಎಲೆಯಿಲ್ಲ, ಕೊಂಬೆಯಿಲ್ಲ. ಮಚ್ಚೆಯುಳ್ಳ ದಂಟಿನ ತುದಿಯಲ್ಲಿ ಹಾವಿನ ಹೆಡೆಯಂತೆ ಮಡಚಿದ ಒಂದು ಹಾಳೆ, ಅದರೊಳಗಿನಿಂದ ಮೇಲೆದ್ದ ಕಂದು ನೇರಳೆ ಬಣ್ಣದ ನೀಳವಾದ ಕೋಲು. ಜೊತೆಗೆ ಸತ್ತ ಇಲಿಯ ವಾಸನೆ! ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ನಕ್ಕರು. ಆ ಹುಡುಗ ಮಾತ್ರ ನಗಲಿಲ್ಲ. “ಸರ್, ಇದು ಹೊಸಾ ಗಿಡ ಐತ್ರಿ. ನಮ್ಮೂರ ಕಡೆ ಇಲ್ಲ. ಇದಕ್ಕ ನಾವ ಹೆಸರು ಇಡಬಹುದೇನ್ರೀ?” ಎಂದು ಕೇಳಿದ.

ಗದಗು, ಹಾವೇರಿ, ಬಾಗಲಕೋಟೆಗಳ ಬಯಲು ಸೀಮೆಯಿಂದ ಬಂದವರ ಮಕ್ಕಳಿಗೆ ಇದು ಹೊಸದೇ ಸರಿ. ಆದರೆ ಅದೇ ಸಂಜೆ ನೆರೆಯ ಕೊಂಕಣಿ ಅಜ್ಜಿಯೊಬ್ಬರಿಗೆ ತೋರಿಸಿದಾಗ ಅವರು, “ಅಯ್ಯೋ, ಇದು ಲೂತಿ! ನಮ್ಮ ತಾಯಿಯ ಕಾಲದಿಂದಲೂ ಮೊದಲ ಮಳೆಗೆ ಇದರ ಪಲ್ಲೆ ಮಾಡುತ್ತೇವೆ” ಎಂದರು. ಒಬ್ಬರಿಗೆ ಹೊಸದು, ಇನ್ನೊಬ್ಬರಿಗೆ ತಾಯಿಯ ಕಾಲದ್ದು. ಹಾಗಾದರೆ ಶಾಸ್ತ್ರಜ್ಞರು “ಹೊಸ ಸಸ್ಯಜಾತಿ ಪತ್ತೆಯಾಯಿತು” ಎಂದು ಪತ್ರಿಕೆಗಳಲ್ಲಿ ಪ್ರಕಟಿಸುತ್ತಾರಲ್ಲ, ಅದರ ಅರ್ಥವೇನು? ಅದರಿಂದ ನಮ್ಮಂಥ ಕೃಷಿಕರಿಗೆ ಆಗಬೇಕಾದದ್ದೇನು? ಈ ವಾರ ಅದನ್ನೇ ವಿಚಾರ ಮಾಡೋಣ.

ಇದು ಬರಿಯ ಕುತೂಹಲದ ಮಾತಲ್ಲ. ಆ ದಿನಗಳಲ್ಲಿಯೇ ನಮ್ಮ ಓಣಿಯಲ್ಲಿ, ಊರಿನಿಂದ ಹೊಸದಾಗಿ ಬಂದಿದ್ದ ಒಂದು ಕುಟುಂಬದವರು ಪಠಾರದ ಅಂಚಿನಲ್ಲಿ ಸಿಕ್ಕಿದ ಗಡ್ಡೆಯನ್ನು ಸುವರ್ಣಗಡ್ಡೆಯೆಂದು ತಿಳಿದು ಅರ್ಧಂಬರ್ಧ ಬೇಯಿಸಿ ಉಂಡರು. ತುತ್ತು ಇಳಿಯುವ ಮೊದಲೇ ಗಂಟಲಲ್ಲಿ ಸೂಜಿ ಚುಚ್ಚಿದಂತಾಗಿ ನಾಲಗೆ ಬಾತುಕೊಂಡಿತು. ಚಿಕ್ಕ ಮಗುವನ್ನು ರಾತ್ರೋರಾತ್ರಿ ಆಸ್ಪತ್ರೆಗೆ ಒಯ್ಯಬೇಕಾಯಿತು. ದೈವ ದೊಡ್ಡದು, ಮಗು ಎರಡು ದಿನಗಳಲ್ಲಿ ಆಡುತ್ತ ಮನೆಗೆ ಬಂದಿತು. ಒಂದು ಗಿಡವನ್ನು ಅದರ ಹೆಸರಿನಿಂದ ತಿಳಿಯುವುದಕ್ಕೂ ತಿಳಿಯದಿರುವುದಕ್ಕೂ ಎಷ್ಟು ಅಂತರವೆಂಬುದು ಆ ರಾತ್ರಿ ನಮಗೆಲ್ಲ ಮನವರಿಕೆಯಾಯಿತು.

ಕೆಸುವಿನ ಬಳಗ

ಲೂತಿ, ಸುವರ್ಣಗಡ್ಡೆ, ಕೆಸು, ಇವೆಲ್ಲ ಒಂದೇ ಬಳಗದವು. ಮಲೆನಾಡಿನವರು ಪತ್ರೊಡೆಗೆ ಬಳಸುವ ಮರಕೆಸುವೂ, ಕೆರೆಯ ನೀರಿನ ಮೇಲೆ ತೇಲುವ ಅಂತರಗಂಗೆಯೂ ಈ ಬಳಗಕ್ಕೆ ಸೇರಿದವೇ. ಜಗತ್ತಿನಲ್ಲಿ ಈ ಕುಟುಂಬದ ಮೂರೂವರೆ ಸಾವಿರಕ್ಕೂ ಹೆಚ್ಚು ಜಾತಿಗಳಿಗೆ ಹೆಸರಿಡಲಾಗಿದೆ. ಸುವರ್ಣಗಡ್ಡೆಯ ಗುಂಪೊಂದರಲ್ಲಿಯೇ ೨೦೦ಕ್ಕೂ ಹೆಚ್ಚು ಜಾತಿಗಳಿವೆ. ಆ ಗುಂಪಿಗೆ ಶಾಸ್ತ್ರದಲ್ಲಿ ಅಮಾರ್ಫೊಫ್ಯಾಲಸ್ ಎಂದು ಹೆಸರು.

ಈ ಬಳಗವನ್ನು ಗುರುತಿಸುವುದು ಕಠಿಣವಲ್ಲ. ನಾವು ಹೂವೆಂದು ಕರೆಯುವುದು ನಿಜವಾಗಿ ಒಂದು ಹೂವಲ್ಲ. ಅದು ನೂರಾರು ಸಣ್ಣ ಹೂಗಳು ಜೋಳದ ತೆನೆಯ ಕಾಳಿನಂತೆ ಕೋಲಿನ ಮೇಲೆ ಕೂತಿರುವ ಗೊಂಚಲು. ಆ ಕೋಲನ್ನು ಸುತ್ತಿರುವ ಒಂದೇ ಒಂದು ಹಾಳೆ ಅದಕ್ಕೆ ಮನೆಯಿದ್ದಂತೆ. ಲೂತಿ, ಸುವರ್ಣಗಡ್ಡೆಗಳಲ್ಲಿ ಕೋಲಿನ ಬುಡದಲ್ಲಿ ಹೆಣ್ಣು ಹೂಗಳು, ಅವುಗಳ ಮೇಲೆ ಗಂಡು ಹೂಗಳು, ತುದಿಯಲ್ಲಿ ವಾಸನೆ ಬೀರುವ ಭಾಗ. ಹೆಣ್ಣು ಹೂಗಳು ಮೊದಲು ಸಿದ್ಧವಾಗುತ್ತವೆ, ಗಂಡು ಹೂಗಳು ಆಮೇಲೆ ಪರಾಗ ಉದುರಿಸುತ್ತವೆ. ಆದುದರಿಂದ ಬೇರೆ ಗಿಡದ ಪರಾಗ ಬರಲೇಬೇಕು. ಅದನ್ನು ತರುವವು ನೊಣ, ದುಂಬಿಗಳು. ಹೆಣದ ವಾಸನೆಯೆಲ್ಲ ಅವುಗಳನ್ನು ಕರೆಯುವುದಕ್ಕಾಗಿ. ಸುಮಾತ್ರಾ ದ್ವೀಪದ ಒಂದು ಜಾತಿಯನ್ನು ಇಟಲಿಯ ಬೆಕ್ಕಾರಿ ಎಂಬ ಶಾಸ್ತ್ರಜ್ಞರು ೧೮೭೮ರಲ್ಲಿ ಕಂಡರು. ಅದರ ಹೂಗೊಂಚಲು ಆಳಿಗಿಂತಲೂ ಎತ್ತರವಾಗಿ ಮೂರು ಮೀಟರಿನಷ್ಟು ಬೆಳೆಯಬಲ್ಲದು. ನಮ್ಮ ಹುಡುಗ ತಂದದ್ದು ಅದರ ಸಣ್ಣ ತಮ್ಮನೆನ್ನಬಹುದು.

ತಿಂದರೆ ಚುಚ್ಚುವುದೇಕೆ? ಈ ಗಿಡಗಳ ಎಲೆ, ದಂಟು, ಗಡ್ಡೆಗಳಲ್ಲಿ ಸುಣ್ಣದಂಶದಿಂದಾದ ಅತಿ ಸೂಕ್ಷ್ಮ ಸೂಜಿಗಳ ಕಟ್ಟುಗಳಿರುತ್ತವೆ. ಕಚ್ಚಿದೊಡನೆ ಅವು ಸಿಡಿದು ನಾಲಗೆ, ಗಂಟಲಿನ ಚರ್ಮಕ್ಕೆ ನಾಟುತ್ತವೆ. ದನಕರುಗಳಿಂದ ಗಿಡಕ್ಕೆ ಅದು ರಕ್ಷಣೆ. ಬಹಳ ಹೊತ್ತು ಬೇಯಿಸುವುದು ಮತ್ತು ಹುಣಸೆ, ಅಮಟೆ, ಮುರುಗಲು ಮೊದಲಾದ ಹುಳಿ ಸೇರಿಸುವುದು, ಇವು ತುರಿಕೆಯನ್ನು ತಗ್ಗಿಸುತ್ತವೆಂದು ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡರು.

ಕೊಂಕಣದ ಹೊಸ ಜಾತಿ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೊಂಕಣ ಪಟ್ಟಿಯಲ್ಲಿ ಮೊದಲ ಮಳೆಗೆ ಹೀಗೆ ಹೂಬಿಡುವ ಕಾಡು ಗಡ್ಡೆಗಳನ್ನು ಮರಾಠಿಯವರು ‘ಶೇವಳ’ ಎನ್ನುತ್ತಾರೆ. ಅದನ್ನು ಕಾಕಡವೆಂಬ ಹುಳಿಕಾಯಿಯೊಡನೆ ಬೇಯಿಸಿ ಉಣ್ಣುವ ರೂಢಿ ಅವರಲ್ಲಿ ಬಹಳ ಹಿಂದಿನದು. ಅವುಗಳಲ್ಲಿ ಒಂದಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿಯೇ ವಿಯೆನ್ನಾದ ಶಾಟ್ ಎಂಬ ಪಂಡಿತರು ‘ಕಮ್ಯುಟೇಟಸ್’ ಎಂದು ಹೆಸರಿಟ್ಟಿದ್ದರು. ಗೋವೆಯಲ್ಲಿ ಲೂತಿ ಎನ್ನುವುದು ಇದಕ್ಕೇ.

ಆದರೆ ಕೊಂಕಣದಲ್ಲಿ ಇದೇ ಗುಂಪಿನ ಮತ್ತೊಂದು ಜಾತಿಯೂ ಇತ್ತು. ಶಾಸ್ತ್ರದ ಪುಸ್ತಕಗಳಲ್ಲಿ ಅದಕ್ಕೆ ಹೆಸರೇ ಇರಲಿಲ್ಲ. ೧೯೯೪ರಲ್ಲಿ ನೆದರ್ಲೆಂಡ್ಸಿನ ಹೆಟ್ಟರ್‌ಶೀಡ್, ನಮ್ಮ ದೇಶದ ಎಸ್. ಆರ್. ಯಾದವ್ ಮತ್ತು ಕೆ. ಎಸ್. ಪಾಟೀಲ್, ಈ ಮೂವರು ಸೇರಿ ಅದನ್ನು ವರ್ಣಿಸಿ, ‘ಬ್ಲೂಮಿಯಾ’ ಎಂಬ ಸಸ್ಯಶಾಸ್ತ್ರದ ಪತ್ರಿಕೆಯಲ್ಲಿ ‘ಅಮಾರ್ಫೊಫ್ಯಾಲಸ್ ಕೊಂಕಣೆನ್ಸಿಸ್’ ಎಂಬ ಹೆಸರಿನಿಂದ ಪ್ರಕಟಿಸಿದರು. ಕೊಂಕಣೆನ್ಸಿಸ್ ಎಂದರೆ ಕೊಂಕಣದ್ದು ಎಂದಷ್ಟೇ ಅರ್ಥ. ಇವರಲ್ಲಿ ಯಾದವ್ ಅವರು ಕೊಲ್ಹಾಪುರದ ಶಿವಾಜಿ ವಿದ್ಯಾಪೀಠದ ಪ್ರಾಧ್ಯಾಪಕರಾಗಿ ಸಹ್ಯಾದ್ರಿಯ ಸಸ್ಯಗಳ ಅಭ್ಯಾಸದಲ್ಲಿ ದೊಡ್ಡ ಹೆಸರು ಪಡೆದವರು.

ಹಾಗಾದರೆ ಆ ಗಿಡ ೧೯೯೪ರಲ್ಲಿ ಹುಟ್ಟಿತೇ? ಇಲ್ಲ. ಸಾವಿರಾರು ವರ್ಷಗಳಿಂದ ಪ್ರತಿ ಮಳೆಗಾಲಕ್ಕೂ ಅಲ್ಲಿಯೇ ಏಳುತ್ತಿತ್ತು. ಮನೆಯಲ್ಲಿರುವ ಮಗುವಿನ ಹೆಸರು ಶಾಲೆಯ ಹಾಜರಿ ಪುಸ್ತಕದಲ್ಲಿ ಇಲ್ಲದಿದ್ದರೆ ಶಾಲೆಯ ಲೆಕ್ಕಕ್ಕೆ ಆ ಮಗು ಇಲ್ಲವಲ್ಲವೇ? ಹಾಗೆಯೇ ಇದೂ. ಹೊಸ ಜಾತಿಯೆಂದರೆ ಹೊಸದಾಗಿ ಹುಟ್ಟಿದ ಗಿಡವಲ್ಲ, ಹಾಜರಿಗೆ ಹೊಸದಾಗಿ ಹತ್ತಿದ ಗಿಡ.

ಹೆಸರಿಡುವ ಕ್ರಮ

ಹೆಸರಿಡುವುದು ಒಬ್ಬರ ಮನಸ್ಸಿಗೆ ಬಂದಂತೆ ನಡೆಯುವ ಕೆಲಸವಲ್ಲ. ಸ್ವೀಡನ್ನಿನ ಲಿನೇಯಸರು ೧೭೫೩ರಲ್ಲಿ ಪ್ರಕಟಿಸಿದ ಗ್ರಂಥದಿಂದ ಸಸ್ಯಗಳಿಗೆ ಎರಡು ಶಬ್ದಗಳ ಹೆಸರಿನ ಪದ್ಧತಿ ನೆಲೆಗೊಂಡಿತು. ಮೊದಲ ಶಬ್ದ ಗುಂಪಿನದು, ಎರಡನೆಯದು ಜಾತಿಯದು. ನಮ್ಮಲ್ಲಿ ಮನೆತನದ ಹೆಸರು ಮೊದಲು ಹೇಳಿ ಆಮೇಲೆ ಆಳಿನ ಹೆಸರು ಹೇಳಿದ ಹಾಗೆ.

ಹೊಸದೆಂಬ ಸಂಶಯ ಬಂದಾಗ ಶಾಸ್ತ್ರಜ್ಞರು ಗಿಡದ ಮಾದರಿಯನ್ನು ತಂದು, ಕಾಗದಗಳ ನಡುವೆ ಒತ್ತಿ ಒಣಗಿಸಿ, ಎಲ್ಲಿ, ಯಾವ ದಿನ, ಯಾರು ತಂದರೆಂದು ಬರೆದಿಡುತ್ತಾರೆ. ಇಂಥ ಒಣಸಸ್ಯಗಳ ಭಂಡಾರಗಳು ದೇಶವಿದೇಶಗಳಲ್ಲಿವೆ. ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಪಶ್ಚಿಮ ವಿಭಾಗದ ಭಂಡಾರವು ಪುಣೆಯಲ್ಲಿದೆ. ಆ ಹಳೆಯ ಮಾದರಿಗಳೊಡನೆಯೂ ಹಳೆಯ ಗ್ರಂಥಗಳೊಡನೆಯೂ ಹೋಲಿಸಿ ನೋಡುತ್ತಾರೆ. ಗಂಡು ಹೂಗಳ ಭಾಗಕ್ಕೂ ಹೆಣ್ಣು ಹೂಗಳ ಭಾಗಕ್ಕೂ ನಡುವೆ ಏನಿದೆ, ಕೋಲಿನ ತುದಿಯ ಆಕಾರವೇನು, ಹಾಳೆಯ ಒಳಮೈ ಹೇಗಿದೆ, ಪರಾಗದ ಕಣ ಹೇಗಿದೆ, ಎಲ್ಲವನ್ನೂ ಅಳೆದು ಬರೆಯುತ್ತಾರೆ. ಯಾವುದಕ್ಕೂ ಹೊಂದದಿದ್ದರೆ ಒಂದು ಮಾದರಿಯನ್ನು ಮೂಲಮಾದರಿಯೆಂದು ಗೊತ್ತುಮಾಡಿ, ವರ್ಣನೆಯನ್ನು ಅಚ್ಚು ಹಾಕಿಸುತ್ತಾರೆ. ಮುಂದೆ ಯಾರಿಗೇ ಸಂಶಯ ಬಂದರೂ ಆ ಮೂಲಮಾದರಿಯೇ ಸಾಕ್ಷಿ. ಜಮೀನಿನ ಗಡಿಗೆ ಸರ್ವೆಯ ಕಲ್ಲು ಹೇಗೋ ಹಾಗೆ. ೨೦೧೧ರ ಕೊನೆಯವರೆಗೆ ಹೊಸ ಸಸ್ಯದ ವರ್ಣನೆ ಲ್ಯಾಟಿನ್ ಭಾಷೆಯಲ್ಲಿಯೇ ಇರಬೇಕೆಂಬ ನಿಯಮವಿತ್ತು. ೨೦೧೨ರಿಂದ ಇಂಗ್ಲಿಷಿನಲ್ಲಿಯೂ ಬರೆಯಬಹುದು.

ಈ ಹಾಜರಿ ಪುಸ್ತಕದಲ್ಲಿ ತಿದ್ದುಪಡಿಗಳೂ ಆಗುತ್ತವೆ. ನಮ್ಮ ಮಕ್ಕಳಿಗೆ ನೆಕ್ಕಿಸುವ ಬಜೆಯನ್ನು ಮೊದಲು ಕೆಸುವಿನ ಬಳಗಕ್ಕೇ ಸೇರಿಸಿದ್ದರು. ಈಗ ಅದನ್ನು ಬೇರೆ ಕುಟುಂಬವೆಂದು ಎಣಿಸುತ್ತಾರೆ. ನಿಂತ ನೀರಿನ ಮೇಲೆ ಎಳ್ಳಿನಂತೆ ಹರಡುವ ಪುಟ್ಟ ಹಸುರು ತೇಲುಗಿಡಗಳನ್ನು ಮೊದಲು ಬೇರೆ ಇಟ್ಟಿದ್ದರು. ಈಗ ಕೆಸುವಿನ ಬಳಗಕ್ಕೆ ತಂದಿದ್ದಾರೆ. ತಪ್ಪನ್ನು ತಿದ್ದಿಕೊಳ್ಳುವುದು ಶಾಸ್ತ್ರಕ್ಕೆ ಕುಂದಲ್ಲ, ಅದೇ ಅದರ ಬಲ.

ಇಷ್ಟು ತಡವೇಕೆ?

ಚಿಂಬಲ್‌ಗೆ ಹತ್ತಿರದ ಹಳೇ ಗೋವೆಯಲ್ಲಿ ಗಾರ್ಸಿಯಾ ದ ಓರ್ತಾ ಎಂಬ ವೈದ್ಯರು ನಮ್ಮ ನಾಡಿನ ಔಷಧಿ ಸಸ್ಯಗಳನ್ನು ಕುರಿತು ಬರೆದ ಗ್ರಂಥ ೧೫೬೩ರಲ್ಲಿಯೇ ಅಚ್ಚಾಯಿತು. ಅಂದಿನಿಂದ ಎಷ್ಟೋ ಪಂಡಿತರು ಈ ಕರಾವಳಿಯಲ್ಲಿ ತಿರುಗಾಡಿದ್ದಾರೆ. ಆದರೂ ಬಡವರ ಮನೆಯ ಪಲ್ಲೆಯಾಗುವ ಗುಂಪಿನ ಗಿಡವೊಂದು ೧೯೯೪ರವರೆಗೆ ಹೆಸರಿಲ್ಲದೆ ಉಳಿಯಿತೆಂದರೆ ಆಶ್ಚರ್ಯವಾಗುತ್ತದೆ. ಅದಕ್ಕೆ ಕಾರಣ ಈ ಗಿಡಗಳ ಸ್ವಭಾವದಲ್ಲಿಯೇ ಇದೆ.

ಗಡ್ಡೆಯು ವರ್ಷದ ಹೆಚ್ಚಿನ ಕಾಲ ನೆಲದೊಳಗೆ ಮಲಗಿರುತ್ತದೆ. ಮೊದಲ ಮಳೆಗೆ ಹೂವು ಎದ್ದು ಕೆಲವೇ ದಿನಗಳಲ್ಲಿ ಬಾಡಿಹೋಗುತ್ತದೆ. ಆಮೇಲೆ ಒಂದೇ ಒಂದು ಎಲೆ ಕೊಡೆಯಂತೆ ಬಿಚ್ಚುತ್ತದೆ. ಹೂವಿದ್ದಾಗ ಎಲೆಯಿಲ್ಲ, ಎಲೆಯಿದ್ದಾಗ ಹೂವಿಲ್ಲ. ಹೂವನ್ನು ಕಂಡವನಿಗೆ ಅದರ ಎಲೆ ಯಾವುದೆಂದು ತಿಳಿಯದು, ಎಲೆಯನ್ನು ಕಂಡವನಿಗೆ ಹೂವು ಯಾವುದೆಂದು ತಿಳಿಯದು. ಎರಡನೆಯದಾಗಿ, ಇವು ನೀರು ತುಂಬಿದ ಮೆತ್ತನೆಯ ಗಿಡಗಳು. ಕಾಗದದ ನಡುವೆ ಒತ್ತಿದರೆ ಕೊಳೆತು ಆಕಾರ ಕೆಡುತ್ತದೆ. ಹೂವನ್ನು ಮದ್ಯಸಾರದಲ್ಲಿ ಇಡಬೇಕು, ಗಡ್ಡೆಯನ್ನು ಕುಂಡದಲ್ಲಿ ನೆಟ್ಟು ಮುಂದಿನ ಮಳೆಗಾಲದವರೆಗೆ ಕಾಯಬೇಕು. ಮೂರನೆಯದಾಗಿ, ಅಕ್ಕತಂಗಿಯರಂತೆ ಹೋಲುವ ಜಾತಿಗಳನ್ನು ಒಂದೇ ಎಂದು ಬಗೆದು ಮುಂದೆ ಹೋಗುವುದು ಸುಲಭ.

ನಾವು ಊರಿಗೆ ಹೋಗುವಾಗ ಬಸ್ಸು ಮೊಲೆಂ ದಾಟಿ ಅನಮೋಡ ಘಾಟನ್ನು ಹತ್ತುತ್ತದೆ. ಅಲ್ಲಿಗೆ ಕರ್ನಾಟಕ ಬಂತೆಂದು ನಾವು ಕಣ್ಣು ಬಿಡುತ್ತೇವೆ. ಆ ಊರಿನ ಹೆಸರನ್ನೇ ಹೊತ್ತ ಲೂತಿಯ ಒಂದು ಪ್ರಭೇದವುಂಟು. ಅದನ್ನು ಕೇರಳದ ಶಿವದಾಸನ್ ಮತ್ತು ಜಲೀಲ್ ಎಂಬ ಶಾಸ್ತ್ರಜ್ಞರು ‘ಅನಮೋಡೆನ್ಸಿಸ್’ ಎಂದು ಕರೆದರು. ಜೋಯಿಡಾ ತಾಲೂಕಿನ ಅಣಶಿಯ ಹೆಸರಿನ ಇನ್ನೊಂದು ಪ್ರಭೇದವನ್ನೂ ಬಳಿಕ ವರ್ಣಿಸಲಾಗಿದೆ. ನಾವು ತೂಕಡಿಸುತ್ತ ದಾಟುವ ಘಟ್ಟದಲ್ಲಿಯೇ ಇಷ್ಟು ಹೊಸ ಸಂಗತಿಗಳಿದ್ದವು!

ಕೃಷಿಕರಿಗೆ ಇದರಿಂದೇನು?

ಮೊದಲನೆಯದು, ಉಣ್ಣುವವರ ಸುರಕ್ಷತೆ. ಹೆಸರು ಖಚಿತವಾಗದೆ ಗುಣ ಖಚಿತವಾಗದು. ಒಂದು ಜಾತಿಯನ್ನು ಉಣ್ಣಬಹುದಾದರೆ ಅದರ ತಂಗಿಯನ್ನು ಉಣ್ಣಬಹುದೆಂದೇನೂ ಇಲ್ಲ. ಇದೇ ಬಳಗದಲ್ಲಿ ಹಳ್ಳದ ದಂಡೆಯಲ್ಲಿ ಬೆಳೆಯುವ ಒಂದು ಗಿಡವಿದೆ. ಅದಕ್ಕೆ ಡಾಲ್ಜೆಲ್ ಎಂಬವರು ೧೮೫೨ರಲ್ಲಿ ‘ಟಾಕ್ಸಿಕೇರಿಯಾ’, ಅಂದರೆ ವಿಷದ್ದು, ಎಂದೇ ಹೆಸರಿಟ್ಟರು.

ಎರಡನೆಯದು, ನಮ್ಮ ಬೆಳೆಗಳ ತವರು. ಸುವರ್ಣಗಡ್ಡೆಯೂ ಒಂದು ಕಾಲಕ್ಕೆ ಕಾಡು ಗಡ್ಡೆಯೇ. ಕಾಡಿನದರ ದಂಟು ಒರಟು, ಗಡ್ಡೆ ಬಹಳ ತುರಿಕೆ. ತುರಿಕೆ ಕಡಿಮೆಯಿದ್ದುದನ್ನು ಆರಿಸಿ ಆರಿಸಿ ನಮ್ಮ ಪೂರ್ವಜರು ಅದನ್ನು ತೋಟಕ್ಕೆ ತಂದರು. ಇಂದು ಪೇಟೆಯಲ್ಲಿ ಸಿಗುವ ‘ಗಜೇಂದ್ರ’ ತಳಿಯಲ್ಲಿ ತುರಿಕೆ ಅಲ್ಪ. ತಿರುವನಂತಪುರದಲ್ಲಿ ೧೯೬೩ರಲ್ಲಿ ಸ್ಥಾಪಿತವಾದ ಕೇಂದ್ರೀಯ ಗಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ‘ಶ್ರೀಪದ್ಮ’ ಎಂಬ ತಳಿಯನ್ನು ಕೊಟ್ಟಿದೆ. ನಾಳೆ ಈ ಬೆಳೆಗೆ ಒಂದು ರೋಗ ಬಂದಿತೆನ್ನಿ. ಅದನ್ನು ತಡೆದುಕೊಳ್ಳುವ ಗುಣಕ್ಕಾಗಿ ಶಾಸ್ತ್ರಜ್ಞರು ಹುಡುಕಬೇಕಾದದ್ದು ಇದರ ಕಾಡು ಬಂಧುಗಳಲ್ಲಿಯೇ. ಬಂಧುಗಳ ಪಟ್ಟಿಯೇ ಇಲ್ಲದಿದ್ದರೆ ಎಲ್ಲಿ ಹುಡುಕಬೇಕು?

ಮೂರನೆಯದು, ಹೆಸರಿಲ್ಲದ್ದು ಹೋದರೆ ಕೇಳುವವರಿಲ್ಲ. ಚಿಂಬಲ್ ಇರುವುದು ಕೆಂಪು ಮುರಕಲ್ಲಿನ ಪಠಾರದ ಮಗ್ಗುಲಲ್ಲಿ. ಮೇಲಿನ ಪಠಾರಕ್ಕೆ ಕದಂಬರ ಹೆಸರೇ ಇದೆ. ಬೇಸಗೆಯಲ್ಲಿ ಅದು ಬರಡು ಕಲ್ಲು. ಮಳೆ ಬಿದ್ದೊಡನೆ ಕಲ್ಲಿನ ಸಂದುಗೊಂದುಗಳಲ್ಲಿ ಗಡ್ಡೆಗಳು ಎಚ್ಚರಗೊಳ್ಳುತ್ತವೆ, ಬಿದ್ದ ನೀರು ಕಲ್ಲಿನೊಳಗೆ ಇಂಗಿ ಕೆಳಗಿನ ಬಾವಿ, ಕೆರೆಗಳಿಗೆ ಆಧಾರವಾಗುತ್ತದೆ. ಬೇಸಗೆಯಲ್ಲಿ ಮಾತ್ರ ನೋಡಿದವರು ಇಲ್ಲಿ ಏನೂ ಇಲ್ಲವೆಂದು ತಿಳಿಯುತ್ತಾರೆ. ಇಲ್ಲಿ ಹೊಸ ಮನೆಗಳು, ರಸ್ತೆಗಳು ಬೇಗಬೇಗನೆ ಏಳುತ್ತಿವೆ. ಆ ಮನೆಗಳಲ್ಲಿ ಕಲ್ಲು ಹೊರುವವರು, ಗಾರೆ ಕಲಸುವವರು ಹೆಚ್ಚಾಗಿ ನಮ್ಮವರೇ. ಕೆಲಸ ಬೇಡವೆನ್ನಲು ನಮಗೆ ಬಾಯಿಲ್ಲ, ಹೊಟ್ಟೆಯ ಪಾಡು ಎಲ್ಲರಿಗೂ ಉಂಟು. ಆದರೆ ಗುದ್ದಲಿ ಬೀಳುವ ಮೊದಲು ಒಂದು ಮಳೆಗಾಲದಲ್ಲಿ ಆ ನೆಲವನ್ನು ನೋಡಿ ಅಲ್ಲಿ ಏನಿದೆಯೆಂದು ಬರೆದಿಟ್ಟವರಿದ್ದರೆ, ಯಾವುದನ್ನು ಉಳಿಸಬೇಕೆಂಬ ಮಾತಿಗಾದರೂ ಒಂದು ಆಧಾರ ದೊರಕುತ್ತದೆ.

ನಾವು ಮಾಡಬೇಕಾದದ್ದು

ಓದುಗ ಬಂಧುಗಳು ಈ ಕೆಳಗಿನ ಮಾತುಗಳನ್ನು ಮನೆಯ ಹೆಣ್ಣುಮಕ್ಕಳಿಗೂ ಮಕ್ಕಳಿಗೂ ಓದಿ ಹೇಳಬೇಕೆಂದು ನಮ್ಮ ವಿನಂತಿ.

೧. ಗುರುತಿಲ್ಲದ ಗಡ್ಡೆ, ದಂಟು, ಹಣ್ಣುಗಳನ್ನು ರುಚಿ ನೋಡಲೂ ಬಾಯಿಗೆ ಹಾಕಬಾರದು. ಕಾಡುಪಲ್ಲೆ ತಿನ್ನಬೇಕೆಂದಿದ್ದರೆ ಅದನ್ನು ಹುಟ್ಟಿನಿಂದ ಬಲ್ಲ ಸ್ಥಳೀಯ ಹಿರಿಯರನ್ನು ಕೇಳಿ, ಅವರು ಮಾಡುವ ಪದ್ಧತಿಯಲ್ಲಿಯೇ ಮಾಡಬೇಕು. ಶೇವಳವನ್ನು ಬಲ್ಲವರು ಕೈಗೆ ಎಣ್ಣೆ ಸವರಿಕೊಂಡು, ಕೋಲಿನ ಬುಡದ ಹಳದಿ ಭಾಗವನ್ನು ತೆಗೆದು ಹಾಕಿ, ಹುಳಿಯೊಡನೆ ಚೆನ್ನಾಗಿ ಬೇಯಿಸುತ್ತಾರೆ. ಇದರಲ್ಲಿ ಯಾವ ಹೆಜ್ಜೆಯನ್ನೂ ಬಿಡಕೂಡದು.

೨. ಅಕಸ್ಮಾತ್ ಬಾಯಿ ಗಂಟಲು ಚುಚ್ಚತೊಡಗಿದರೆ ಉಳಿದುದನ್ನು ಉಗುಳಿ, ತಣ್ಣೀರಿನಿಂದ ಪದೇಪದೇ ಬಾಯಿ ಮುಕ್ಕಳಿಸಬೇಕು. ನಾಲಗೆ ಬಾತರೆ, ನುಂಗಲು ಅಥವಾ ಉಸಿರಾಡಲು ತೊಂದರೆಯಾದರೆ ಮನೆಮದ್ದು ಮಾಡುತ್ತ ಕೂಡದೆ ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕು. ಚಿಂಬಲ್‌ನವರಿಗೆ ಬಾಂಬೋಳಿಯ ದೊಡ್ಡಾಸ್ಪತ್ರೆ ಹತ್ತಿರದಲ್ಲಿಯೇ ಇದೆ. ತಿಂದ ಗಿಡದ ತುಂಡೊಂದನ್ನು ಚೀಲದಲ್ಲಿ ಹಾಕಿ ಜೊತೆಗೆ ಒಯ್ದರೆ ವೈದ್ಯರಿಗೆ ಸಹಾಯವಾಗುತ್ತದೆ.

೩. ಗಡ್ಡೆ ಬೇಕೆನಿಸಿದರೆ ಕಾಡಿನದನ್ನು ಅಗೆಯುವ ಬದಲು ಪೇಟೆಯ ಸುವರ್ಣಗಡ್ಡೆಯನ್ನೇ ನೆಡಿರಿ. ಮೊಳಕೆಯ ಭಾಗವಿರುವ ಅರ್ಧದಿಂದ ಒಂದು ಕಿಲೋ ತೂಕದ ತುಂಡನ್ನು, ಎರಡಡಿ ಅಗಲ, ಒಂದೂವರೆ ಅಡಿ ಆಳದ ಗುಂಡಿಯಲ್ಲಿ ಗೊಬ್ಬರ ಮಣ್ಣು ತುಂಬಿ ನೆಡಬೇಕು. ಗುಂಡಿಯಿಂದ ಗುಂಡಿಗೆ ಮೂರಡಿ ಅಂತರವಿರಲಿ. ಮಳೆಗೆ ಮುಂಚೆ ನೆಟ್ಟರೆ ಎಂಟೊಂಬತ್ತು ತಿಂಗಳಿಗೆ ಎಲೆ ಹಣ್ಣಾಗಿ ಬಿದ್ದು ಗಡ್ಡೆ ಕೀಳಲು ಬರುತ್ತದೆ. ಹಿತ್ತಲಲ್ಲಿ ನಾಲ್ಕು ಗುಂಡಿಗಳಿದ್ದರೂ ಸಣ್ಣ ಸಂಸಾರಕ್ಕೆ ಸಾಕು.

೪. ಕಾಡುಗಡ್ಡೆ ಕಿತ್ತರೆ ಗಿಡವೇ ಹೋಯಿತು. ಪಲ್ಲೆಗೆ ಕೊಯ್ಯುವವರು ಒಂದೇ ಜಾಗದ ಎಲ್ಲ ಹೂಗಳನ್ನೂ ಕೊಯ್ಯದೆ ಬೀಜಕ್ಕೆಂದು ಕೆಲವನ್ನು ಬಿಡಬೇಕು. ಅಭಯಾರಣ್ಯಗಳಲ್ಲಿ ಗಿಡ ಕೀಳುವುದಕ್ಕೆ ಕಾನೂನಿನ ತಡೆಯಿದೆಯೆಂಬುದನ್ನೂ ಮರೆಯಬಾರದು.

೫. ವಿಶೇಷವಾದ ಗಿಡ ಕಂಡರೆ ಮೊಬೈಲಿನಲ್ಲಿ ಚಿತ್ರ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ಪೆನ್ನು ಇಡಿರಿ. ದಿನ, ಜಾಗ, ನೆಲದ ಬಗೆಗಳನ್ನು ಬರೆದಿಡಿರಿ. ಒಂದು ತಿಂಗಳ ಬಳಿಕ ಅದೇ ಜಾಗಕ್ಕೆ ಹೋಗಿ ಎಲೆಯ ಚಿತ್ರವನ್ನೂ ತೆಗೆಯಿರಿ. ಹೂವು ಮತ್ತು ಎಲೆ ಎರಡರ ಸುದ್ದಿಯೂ ಕೂಡಿದರೆ ಮಾತ್ರ ತಿಳಿದವರಿಗೆ ಉಪಯೋಗ. ಸಮೀಪದ ಕಾಲೇಜಿನ ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಿರಿ.

ನಮ್ಮ ಹುಡುಗನಿಗೂ ಇದನ್ನೇ ಹೇಳಿದೆವು. “ಈ ಗಿಡಕ್ಕೆ ಹೆಸರು ಇಟ್ಟಾಗಿದೆಯಪ್ಪ, ನಿನ್ನ ಪಾಲಿಗೆ ಉಳಿದಿಲ್ಲ. ಆದರೆ ಅದರ ಎಲೆ ಹೇಗಿರುತ್ತದೆಂದು ನೀನೇ ಕಂಡುಹಿಡಿ” ಎಂದೆವು. ಜುಲೈ ತಿಂಗಳಲ್ಲಿ ಅವನು ಮತ್ತೆ ಬಂದ. ಈ ಸಲ ಕಿತ್ತು ತಂದಿರಲಿಲ್ಲ. ವಹಿಯಲ್ಲಿ ಪೆನ್ಸಿಲಿನಿಂದ ಕೊಡೆಯಂಥ ಒಂದು ಎಲೆಯನ್ನು ಬರೆದುಕೊಂಡು, ಕೆಳಗೆ ತಾರೀಖು ಹಾಕಿ, ‘ಲೂತಿ, ಪಠಾರದ ಅಂಚು, ಕೆಂಪು ಕಲ್ಲು, ಎತ್ತರ ನನ್ನ ಮೊಣಕಾಲಿನಷ್ಟು’ ಎಂದು ಬರೆದಿದ್ದ. ಅದನ್ನು ನೋಡಿ ಈಗ ಇನ್ನೂ ಆರು ಮಕ್ಕಳು ಅಂಥ ವಹಿ ಇಟ್ಟಿದ್ದಾರೆ. ಮುಂದಿನ ಮೃಗಶಿರ ಮಳೆಗೆ ನಿಮ್ಮ ಊರಿನ ಮಕ್ಕಳ ಕೈಗೂ ಒಂದೊಂದು ವಹಿ ಕೊಡಿರಿ.